ಯಂತ್ರ ಬರೆದ ಪ್ರೋಗ್ರಾಂ: ಋಣದ ಪ್ರಶ್ನೆ

ಗಣಕಯಂತ್ರಕ್ಕೆ ಬೇಕಾದ ಪ್ರೋಗ್ರಾಮನ್ನು ಗಣಕಯಂತ್ರವೇ ಬರೆದುಕೊಡುವ ಕಾಲವಿದು. ಗಿಟ್‌ಹಬ್ ಸಂಸ್ಥೆಯು ಓಪನ್‌ಎಐ ಸಂಸ್ಥೆಯೊಡಗೂಡಿ ನಿರ್ಮಿಸಿದ 'ಕೋಪೈಲಟ್' ಎಂಬ ಸಾಧನವು 2021ರ ಜೂನ್‌ನಲ್ಲಿ ಪರೀಕ್ಷಾರ್ಥವಾಗಿ ಹೊರಬಂದು, ಮರುವರ್ಷ ತಿಂಗಳಿಗೆ 10 ಡಾಲರ್ ಶುಲ್ಕಕ್ಕೆ ಎಲ್ಲರಿಗೂ ದೊರೆಯಿತು. ಉದ್ದೇಶವನ್ನು ಒಂದೆರಡು ಸಾಲಿನಲ್ಲಿ ಸೂಚಿಸಿದರೆ ಉಳಿದುದನ್ನು ಅದೇ ಪೂರೈಸುತ್ತದೆ. ಅದರ ವೇಗವನ್ನು ಹೊಗಳುವವರು ಸುಳ್ಳಾಡುತ್ತಿಲ್ಲ. ನನ್ನ ಆಕ್ಷೇಪ ಬೇರೆಡೆ ಇದೆ.

ಈ ಸಾಧನದ ಮೂಲ ಬಂಡವಾಳ ಯಾವುದು? ಅಸಂಖ್ಯ ಪ್ರೋಗ್ರಾಂಕಾರರು ಸಾರ್ವಜನಿಕರ ಉಪಯೋಗಕ್ಕೆಂದು ತೆರೆದಿಟ್ಟ ಬರವಣಿಗೆ. ಅವರು ಅದನ್ನು ಮಾರಲಿಲ್ಲ, ನಿಜ. ಆದರೆ ನಿಬಂಧನೆಯಿಲ್ಲದೆ ಕೊಡಲೂ ಇಲ್ಲ. ಎಂಐಟಿ ಪರವಾನಗಿಯು ಕರ್ತೃವಿನ ಹಕ್ಕುಸೂಚನೆಯನ್ನು ಅಳಿಸಬಾರದೆನ್ನುತ್ತದೆ. ಜಿಪಿಎಲ್ ಪರವಾನಗಿಯು ಇನ್ನೂ ಬಿಗಿಯಾದುದು: ಪಡೆದುದರ ಮೇಲೆ ಹೊಸದನ್ನು ಕಟ್ಟಿ ಹಂಚುವವನು ಅದನ್ನೂ ಅದೇ ನಿಬಂಧನೆಗೆ ಒಳಪಡಿಸಿ ತೆರೆದಿಡಬೇಕು. ದತ್ತಿಪತ್ರದ ಷರತ್ತು ಎಂದರೇನೆಂದು ನಮ್ಮ ಟ್ರಸ್ಟುಗಳ ಧರ್ಮದರ್ಶಿಗಳಿಗೆ ವಿವರಿಸಬೇಕಾಗಿಲ್ಲ. ಅನ್ನದಾನಕ್ಕೆಂದು ಬಂದ ಹಣದಲ್ಲಿ ಅಂಗಡಿ ಕಟ್ಟಿಸಿ ಬಾಡಿಗೆ ಎತ್ತಿದರೆ, ಹಣ ಹೇಗೂ ದಾನದ್ದೇ ತಾನೇ ಎಂಬ ಸಮಾಧಾನವನ್ನು ಯಾರು ಒಪ್ಪಿಯಾರು?

ಯಂತ್ರವು ನಕಲು ಮಾಡುವುದಿಲ್ಲ, ಕಲಿಯುತ್ತದೆ ಎಂಬುದು ತಯಾರಕರ ಉತ್ತರ. ಬಹುಮಟ್ಟಿಗೆ ಅದು ಸರಿಯಿರಬಹುದು. ಆದರೆ 2021ರ ಜುಲೈನಲ್ಲಿ 'ಕ್ವೇಕ್ 3' ಆಟದ ಪ್ರಸಿದ್ಧವಾದೊಂದು ಗಣಿತಭಾಗವನ್ನು ಕೋಪೈಲಟ್ ಮೂಲದ ಟಿಪ್ಪಣಿಗಳ ಸಮೇತ ಯಥಾವತ್ತಾಗಿ ಒಪ್ಪಿಸಿತು. ಸಾಲದೆಂಬಂತೆ, ಜಿಪಿಎಲ್‌ನ ಬದಲು ಬೇರೊಂದು ಪರವಾನಗಿಯನ್ನು ಅದಕ್ಕೆ ಅಂಟಿಸಿತು. ಮುಂದೆ ಇಂಥ ನಕಲನ್ನು ತಡೆಯುವ ಸೌಲಭ್ಯವನ್ನು ಒದಗಿಸಿದರು. ಮೆಚ್ಚತಕ್ಕದ್ದೇ, ಆದರೆ ಅದು ಹಿಡಿಯುವುದು ಎದ್ದುಕಾಣುವ ಹೋಲಿಕೆಯನ್ನು ಮಾತ್ರ.

ಗುಣದ ಮಾತೂ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸಂಶೋಧಕರು 2021ರಲ್ಲಿ 89 ಸನ್ನಿವೇಶಗಳನ್ನು ಕೊಟ್ಟು ಕೋಪೈಲಟ್‌ನಿಂದ 1,689 ಪ್ರೋಗ್ರಾಂಗಳನ್ನು ಬರೆಯಿಸಿದಾಗ, ಸುಮಾರು ಶೇಕಡಾ 40ರಲ್ಲಿ ಭದ್ರತೆಯ ದೋಷಗಳು ಕಂಡವು. ಸಾಧನ ಆಮೇಲೆ ಸುಧಾರಿಸಿದೆ ಎನ್ನೋಣ. ಗುಮಾಸ್ತನು ಬರೆದ ಖಾತೆಯನ್ನು ಓದದೆ ಸಹಿ ಹಾಕುವ ಮಾಲೀಕನು ಗುಮಾಸ್ತ ಜಾಣನಾದಷ್ಟೂ ಹೆಚ್ಚು ಅಲಕ್ಷ್ಯ ಮಾಡುತ್ತಾನೆ. ಇದನ್ನು ಅಂಗಡಿಯ ಗಲ್ಲದ ಮುಂದೆ ಕುಳಿತು ಕಲಿತವನು ನಾನು. ದೋಷ ಹೊರಬಿದ್ದ ದಿನ ಲೆಕ್ಕ ಕೇಳುವುದು ಸಹಿಯವನನ್ನೇ.

2022ರ ನವೆಂಬರ್‌ನಲ್ಲಿ ಕೆಲವು ಪ್ರೋಗ್ರಾಂಕಾರರು ಸ್ಯಾನ್‌ಫ್ರಾನ್ಸಿಸ್ಕೋದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2024ರ ವೇಳೆಗೆ ನ್ಯಾಯಾಧೀಶರು ಅವರ ಬಹುಪಾಲು ವಾದಗಳನ್ನು ತಳ್ಳಿಹಾಕಿ, ಪರವಾನಗಿಯ ಷರತ್ತನ್ನು ಮುರಿದರೆಂಬ ಆಕ್ಷೇಪವನ್ನು ಮಾತ್ರ ವಿಚಾರಣೆಗೆ ಉಳಿಸಿಕೊಂಡರು.