ಪಂಪು ಇಳಿಸುವ ಮುನ್ನ

ಹಳೆಯ ಲಾರಿ ಮಿಸ್ ಹೊಡೆಯಲು ಶುರುವಾದರೆ ಸಾಕು, ‘ಪಂಪ್ ಹೋಗಿದೆ, ಇಳಿಸೋಣ’ ಎನ್ನುವವರಿಗೆ ಬರವಿಲ್ಲ. ಅದು ಕೊನೆಗೆ ಆಡಬೇಕಾದ ಮಾತು. ಡೀಸೆಲ್ ಟ್ಯಾಂಕಿನಿಂದ ನಾಝಲ್ಲಿಗೆ ಯಾವ ದಾರಿ ಹಿಡಿದು ಬರುತ್ತದೋ ಅದೇ ದಾರಿ ಹಿಡಿದು ಹುಡುಕಬೇಕು. ಕಾಸು ಖರ್ಚಿಲ್ಲದ ಪರೀಕ್ಷೆಗಳೆಲ್ಲ ಆ ದಾರಿಯ ಮೊದಲಲ್ಲೇ ಸಿಗುತ್ತವೆ.

ಟಾಟಾ 1210ರ 697 ಇಂಜಿನ್ನನ್ನೇ ನೋಡಿ. ಆರು ಸಿಲಿಂಡರು, 97 ಮಿ.ಮೀ. ಬೋರು, 5,675 ಸಿಸಿ. ಪಕ್ಕದಲ್ಲಿ, 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಕಂಪನಿಯ ಇನ್‌ಲೈನ್ ಪಂಪು. ಪ್ರತಿ ಸಿಲಿಂಡರಿಗೂ ಅದರಲ್ಲಿ ಒಂದೊಂದು ಎಲಿಮೆಂಟು. ಪ್ಲಂಜರಿಗೂ ಬ್ಯಾರಲ್ಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ನೀರು, ದೂಳು ಸೇರದ ಡೀಸೆಲ್ ಕೊಟ್ಟರೆ ಇದು ಸುಲಭಕ್ಕೆ ಕೆಡುವ ವಸ್ತುವಲ್ಲ.

ಶಿರಾಡಿ ಘಾಟಿಯ ಏರಿನಲ್ಲಿ ಗಾಡಿ ಎಳೆಯದೆ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಸರಿಹೋಗುತ್ತದೆಯೇ? ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿ. ‘ಉಸ್’ ಎಂದು ಗಾಳಿ ಒಳನುಗ್ಗಿದರೆ ಮುಚ್ಚಳದ ಗಾಳಿಗಂಡಿ ಕಟ್ಟಿದೆ ಎಂದರ್ಥ. ಹಾಗಾಗದಿದ್ದರೆ ಟ್ಯಾಂಕಿನೊಳಗಿನ ಜಾಲರಿ, ಆಮೇಲೆ ಡೀಸೆಲ್ ಫಿಲ್ಟರು ನೋಡಿ.

ಗಾಳಿ ಹಿಡಿಯುವ ಕಾಯಿಲೆ ಹೆಚ್ಚು ಮೋಸದ್ದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಎಳೆದುಕೊಳ್ಳಲಾಗುತ್ತದೆ. ಅಲ್ಲಿ ಪೈಪು ಸೀಳಿದ್ದರೆ, ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಸೇರುತ್ತದೆ. ಹೊರಗೆಲ್ಲ ಒಣಗಿಯೇ ಇರುವುದರಿಂದ ಕಣ್ಣಿಗೆ ಏನೂ ಬೀಳುವುದಿಲ್ಲ. ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ, ನೊರೆ ನಿಂತು ಡೀಸೆಲ್ ಧಾರೆಯಾಗಿ ಬರುವವರೆಗೂ ಏರ್ ತೆಗೆಯಿರಿ. ಇಂಜಿನ್ ಓಡಿಸಿದ ಮೇಲೆ ಮತ್ತೆ ನೊರೆ ಕಂಡರೆ ಫೀಡ್ ಪಂಪಿಗೆ ಬೇರೊಂದು ಪೈಪು ಸಿಕ್ಕಿಸಿ, ಕ್ಯಾನಿನಿಂದ ಡೀಸೆಲ್ ಕುಡಿಸಿ. ಇಂಜಿನ್ ಸರಿಯಾಗಿ ಓಡಿದರೆ ದೋಷ ಹಿಂದಿನ ಲೈನಿನದು. ಬಂಜೋ ಬೋಲ್ಟಿನ ತಾಮ್ರದ ವಾಷರುಗಳನ್ನು ಮರೆಯಬೇಡಿ. ಒಮ್ಮೆ ಒತ್ತಿ ಗಟ್ಟಿಯಾದದ್ದನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡದೆ ಹಾಗೇ ಕೂರಿಸಿದರೆ ಎಷ್ಟು ಬಿಗಿದರೂ ಗಾಳಿ ನುಸುಳುತ್ತದೆ.

ಇಷ್ಟಾದರೂ ಮಿಸ್ ನಿಲ್ಲದಿದ್ದರೆ ಕಿವಿಗೆ ಕೆಲಸ. ಇಂಜಿನ್ ಸ್ಲೋನಲ್ಲಿ ಓಡುತ್ತಿರಲಿ. ನಾಝಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿಯಿರಿ. ಸಡಿಲಿಸಿದಾಗ ಇಂಜಿನ್ ತಡವರಿಸಿದರೆ ಆ ಸಿಲಿಂಡರು ದುಡಿಯುತ್ತಿತ್ತು; ಸದ್ದು ಬದಲಾಗದಿದ್ದರೆ ಅದೇ ಸೋಮಾರಿ. ಕೈಯನ್ನು ಮಾತ್ರ ದೂರವಿಡಿ: ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿಕೊಂಡು ಹೋಗಬಲ್ಲದು. ಕಾಮನ್ ರೈಲ್ ಗಾಡಿಗಳಲ್ಲಂತೂ ಈ ಪರೀಕ್ಷೆಗೆ ಕೈಹಾಕಲೇಬಾರದು.

ಸೋಮಾರಿ ಸಿಕ್ಕಿದ ಮೇಲೆ ಅದರ ನಾಝಲ್ಲನ್ನು ಪಕ್ಕದ ಸಿಲಿಂಡರಿಗೆ, ಪಕ್ಕದ್ದನ್ನು ಇದಕ್ಕೆ ಅದಲು ಬದಲು ಮಾಡಿ. ಮಿಸ್ ಕೂಡ ಜೊತೆಗೆ ಹೋದರೆ ತಪ್ಪು ನಾಝಲ್ಲಿನದು. ಇದ್ದಲ್ಲೇ ಉಳಿದರೆ ಟ್ಯಾಪೆಟ್ಟು, ಕಂಪ್ರೆಷನ್ನು ನೋಡಿ. ಅವೂ ಸರಿಯಿದ್ದರೆ ಆಗ ಪಂಪಿನ ಸರದಿ. ಎಲಿಮೆಂಟೋ ಡೆಲಿವರಿ ವಾಲ್ವೋ ಸವೆದಿರಬಹುದು.

ಆಗ ಪಂಪನ್ನು ಇಳಿಸಿ, ಸೀಲು ಒಡೆಯದೆ ಕ್ಯಾಲಿಬ್ರೇಷನ್ ಬೆಂಚಿಗೆ ಕಳಿಸಿ. ಎಷ್ಟನೇ ಸಿಲಿಂಡರು ಕೆಲಸ ಮಾಡುತ್ತಿಲ್ಲ ಎಂದು ಚೀಟಿ ಬರೆದು ಕಟ್ಟಿ. ‘ನೋಡಿ ಸರಿ ಮಾಡಿ’ ಎಂದು ಕಳಿಸಿದ ಪಂಪಿಗೆ ಬರುವ ಬಿಲ್ಲೇ ಬೇರೆ, ಚೀಟಿ ಹೊತ್ತು ಹೋದ ಪಂಪಿನ ಬಿಲ್ಲೇ ಬೇರೆ.