ರೆಸಿಡೆನ್ಸಿಯ ಪ್ರೇಮಕಥೆ, ನಮ್ಮ ಹೊಳೆ

ಹಿಮಾಯತ್‌ನಗರಕ್ಕೆ ಬಂದು ಹದಿನೆಂಟು ವರ್ಷವಾಯಿತು. ಊರಿಂದ ಯಾರಾದರೂ ಬಂದರೆ ಚಾರ್‌ಮಿನಾರ್, ಗೋಲ್ಕೊಂಡ ತೋರಿಸುವುದು ಇದ್ದದ್ದೇ. ಓದುವ ಹವ್ಯಾಸದವರು ಬಂದರೆ ಇನ್ನೊಂದು ಬೇಡಿಕೆ: "ಕೋಠಿ ರೆಸಿಡೆನ್ಸಿ ತೋರಿಸ್ರಿ." ಕಾರಣ, ವಿಲಿಯಂ ಡಾಲ್ರಿಂಪಲ್ ಅವರು 2002ರಲ್ಲಿ ಪ್ರಕಟಿಸಿದ 'ವೈಟ್ ಮುಘಲ್ಸ್'. ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಹೈದರಾಬಾದಿನ ಖೈರುನ್ನಿಸಾ ಅವರ ಪ್ರೇಮದ ಕಥೆ ಅದು. ನಾನೂ ಎರಡು ಸಲ ಓದಿದ್ದೇನೆ. ತಾಯಿಯಿಂದ ಮಕ್ಕಳನ್ನು ಅಗಲಿಸಿ ಇಂಗ್ಲೆಂಡಿಗೆ ಕಳಿಸುವ ಕಡೆ ಕಣ್ಣು ತುಂಬಿದ್ದು ಸುಳ್ಳಲ್ಲ. ಆದರೂ ನನ್ನದೊಂದು ತಕರಾರಿದೆ. ರಾಯಚೂರಿನವನ ತಕರಾರು ಅನ್ನಿ.

ಇದೇ ಕರ್ಕ್‌ಪ್ಯಾಟ್ರಿಕ್ 1800ರ ಅಕ್ಟೋಬರ್‌ನಲ್ಲಿ ನಿಜಾಮನ ಜೊತೆ ಒಂದು ಒಪ್ಪಂದ ಕುದುರಿಸಿದ. ಟಿಪ್ಪುವಿನ ರಾಜ್ಯದಿಂದ ನಿಜಾಮನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಕಂಪನಿ ಸೈನ್ಯದ ಖರ್ಚಿಗೆಂದು ಕಂಪನಿಗೇ ಹೋದವು. ತುಂಗಭದ್ರೆ ಗಡಿಯಾಯಿತು. ಪುಸ್ತಕ ಒಪ್ಪಂದಗಳನ್ನು ಮುಚ್ಚಿಡುವುದಿಲ್ಲ. ಆ ಪ್ರಾಮಾಣಿಕತೆ ಅದಕ್ಕಿದೆ. ಆದರೆ ಅಲ್ಲಿ ಒಪ್ಪಂದವೆಂದರೆ ಪ್ರೇಮಕ್ಕೆ ಕಟ್ಟಿದ ಹಿಂದಿನ ಪರದೆ. ನಮ್ಮ ಮನೆಯಲ್ಲಿ ಅದೇ ಕಥೆಯಾಗಿತ್ತು.

ಅಪ್ಪನ ಕಡೆಯ ತಾತ ರಾಯಚೂರಿನಲ್ಲಿ ಉರ್ದು ಕಲಿತವರು. ಅಮ್ಮನ ಕಡೆಯ ತಾತ ಬಳ್ಳಾರಿಯಲ್ಲಿ, ಮದ್ರಾಸ್ ಸರಕಾರದ ಕೆಳಗೆ ಇಂಗ್ಲಿಷ್ ಕಲಿತವರು. ಇಬ್ಬರ ಮನೆಮಾತೂ ಕನ್ನಡವೇ. ಆದರೆ ಬೀಗರಿಗೆ ಕನ್ನಡದಲ್ಲಿ ಕಾಗದ ಬರೆಸಲು ರಾಯಚೂರಿನ ತಾತ ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ಮೊದಲಿಗೆ ದುಡ್ಡೂ ಬೇರೆಯೇ. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ. "ನಮ್ಮ ನಡುವ ಹರಿಯೂದು ಹೊಳಿ ಅಲ್ರೀ ಬೀಗರ, ಎರಡು ಸರಕಾರ" ಎಂದು ತಾತ ನಗುತ್ತಿದ್ದರಂತೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ರಾಯಚೂರು 1956ರಲ್ಲಿ. ಆ ಸಹಿಯ ಗೆರೆ ಅಳಿಸಲು ನೂರೈವತ್ತು ವರ್ಷ ಮೀರಿ ಹಿಡಿಯಿತು.

ನಾನಿರುವ ಬಡಾವಣೆಯ ಹೆಸರನ್ನೇ ನೋಡಿ. ಹಿಮಾಯತ್ ಅಲಿ ಖಾನ್ ಏಳನೇ ನಿಜಾಮನ ಹಿರಿಯ ಮಗ. ಸೈನ್ಯದ ಖರ್ಚಿನ ಬಾಕಿಗೆಂದು 1853ರಲ್ಲಿ ಬ್ರಿಟಿಷರು ಬೇರಾರ್ ಸೀಮೆಯನ್ನು ವಶಕ್ಕೆ ತಗೊಂಡರು. ಜೊತೆಗೆ ನಮ್ಮ ರಾಯಚೂರು ದೋಆಬನ್ನೂ ತಗೊಂಡು 1860ರಲ್ಲಿ ವಾಪಸು ಕೊಟ್ಟರು. ಬೇರಾರ್ ಮಾತ್ರ ಹೋದದ್ದು ಹೋಯಿತು. 1902ರಲ್ಲಿ ವರ್ಷಕ್ಕೆ 25 ಲಕ್ಷಕ್ಕೆ ಕಾಯಂ ಗುತ್ತಿಗೆ. 1936ರಲ್ಲಿ ಹಿಮಾಯತ್ ಅಲಿಗೆ 'ಬೇರಾರಿನ ರಾಜಕುಮಾರ' ಎಂಬ ಬಿರುದು ಸಿಕ್ಕಿತು. ಬೇರಾರ್ ಸಿಗಲಿಲ್ಲ!

ಇದು ಹೈದರಾಬಾದಿನ ಸಂಗತಿಯಷ್ಟೇ ಅಲ್ಲ. ಬಹರೇನ್‌ನಲ್ಲಿ ದುಡಿಯುವ ಮಂಗಳೂರಿನ ಗೆಳೆಯನಿಗೆ ಇದನ್ನೆಲ್ಲ ಹೇಳಿದಾಗ, "ಅಲ್ಲಿನ ಕಥೆಯೂ ಇದೇ ಮಾರಾಯ್ರೆ" ಎಂದ. ಕೊಲ್ಲಿಯಲ್ಲೂ ಶೇಖರು ಗದ್ದುಗೆಯ ಮೇಲಿದ್ದರು, ಪರರಾಷ್ಟ್ರದ ವ್ಯವಹಾರ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಅಧಿಕಾರಿಗೂ ರೆಸಿಡೆಂಟ್ ಅಂತಲೇ ಹೆಸರು. 1946ರಲ್ಲಿ ಆತನ ಕಚೇರಿ ಬುಶೇರ್‌ನಿಂದ ಬಹರೇನ್‌ಗೆ ಬಂತು. ರೂಪಾಯಿ ಅಲ್ಲಿ 1965ರವರೆಗೂ ಚಲಾವಣೆಯಲ್ಲಿತ್ತು. 1971ರಲ್ಲಿ ಹೊರಟ ಬ್ರಿಟಿಷರು 2018ರಲ್ಲಿ ಮತ್ತೆ ನೌಕಾನೆಲೆ ತೆರೆದರು.

ಈ ಬಗೆಯ ಆಳ್ವಿಕೆಯ ಚಾಲಾಕಿತನ ಇರುವುದು ಇಲ್ಲೇ. ಆಳುವವನ ಹೆಸರು ಒಬ್ಬನದು, ಹಿಡಿತ ಇನ್ನೊಬ್ಬನದು. ಕೊನೆಗೆ ಲೆಕ್ಕ ಕೇಳುವಾಗ ಹೆಸರಿನವನೇ ಸಿಗುತ್ತಾನೆ. ನಮ್ಮ ಭಾಗ ಯಾಕೆ ಹಿಂದುಳಿಯಿತು ಎಂದರೆ ಬೆಂಗಳೂರಿನಲ್ಲಿ ಸಿದ್ಧ ಉತ್ತರವಿದೆ: "ನಿಜಾಮನ ಕಾಲದಿಂದ ಹಾಗೇ." ನಿಜಾಮನ ತಪ್ಪು ಸಣ್ಣದಲ್ಲ, ತಾತನಿಗೆ ಕನ್ನಡ ಬರೆಯಲು ಬಾರದ್ದು ಅವನ ಶಾಲೆಯಿಂದಲೇ. ಆದರೆ ಅವನ ಖಜಾನೆಗೆ ಸೈನ್ಯದ ಖರ್ಚು ಕಟ್ಟಿದವರು, ಖರ್ಚಿನ ಹೆಸರಲ್ಲಿ ಸೀಮೆ ಕಿತ್ತವರು ಆ ಉತ್ತರದಲ್ಲಿ ಇಲ್ಲವೇ ಇಲ್ಲ. ನಮ್ಮ ನೆನಪಿನಲ್ಲಿ ನಿಜಾಮ ಅಪರಾಧಿ, ರೆಸಿಡೆಂಟ್ ಪ್ರೇಮಿ. ಇಷ್ಟು ಚೆನ್ನಾಗಿ ಬರೆದ ಪುಸ್ತಕ ಈ ಹಂಚಿಕೆಯನ್ನು ಕೆಡಿಸದೆ ಇನ್ನಷ್ಟು ಗಟ್ಟಿ ಮಾಡುತ್ತದೆ. ಅದೇ ನನ್ನ ತಕರಾರು.

ಪುಸ್ತಕ ಓದಬೇಡಿ ಎನ್ನುವುದಿಲ್ಲ, ಖಂಡಿತ ಓದಿ. ಹೈದರಾಬಾದಿಗೆ ಬಂದರೆ ಮನೆಗೂ ಬನ್ನಿ, ರೆಸಿಡೆನ್ಸಿ ನಾನೇ ತೋರಿಸುತ್ತೇನೆ. ಆ ಎತ್ತರದ ಕಂಬಗಳ ಮುಂದೆ ಖೈರುನ್ನಿಸಾಳ ಕಥೆ ಹೇಳುತ್ತೇನೆ. ಆಮೇಲೆ, ಪಕ್ಕದ ಮನೆಯವರ ಕೈಲಿ ಕಾಗದ ಬರೆಸಿದ ನಮ್ಮ ತಾತನದನ್ನೂ ಕೇಳಬೇಕು.