ಮಾಸಿದ ತಟ್ಟೆಯೇ ಬೇಕು

ಹಳೆಯ ರೆಕಾರ್ಡು ಕೊಳ್ಳುವವರು ತಟ್ಟೆಯನ್ನು ಬೆಳಕಿಗೆ ಹಿಡಿದು ಗೀರು ಹುಡುಕುತ್ತಾರೆ. ನಾನೂ ಬೆಳಕಿಗೆ ಹಿಡಿಯುತ್ತೇನೆ, ಎಲ್ಲಿ ಮಾಸಿದೆ ಎಂದು ನೋಡಲಿಕ್ಕೆ. ಮುಳ್ಳು ಮತ್ತೆ ಮತ್ತೆ ಓಡಿದ ಕಡೆ ಕಪ್ಪಿನ ಹೊಳಪು ಹೋಗಿ ಬೂದು ಬಣ್ಣ ಬಂದಿರುತ್ತದೆ. ಆ ಮನೆಯವರು ಯಾವ ಹಬ್ಬವನ್ನು ಮನಸಾರೆ ಮಾಡಿದರು, ಯಾವುದನ್ನು ಕ್ಯಾಲೆಂಡರಿಗೇ ಬಿಟ್ಟರು ಎಂಬುದು ಆ ಬೂದಿನಲ್ಲಿ ಗೊತ್ತಾಗಿಬಿಡುತ್ತದೆ.

ಆದೋನಿ ಕಡೆಯ ಮನೆಗಳಲ್ಲಿ ಕನ್ನಡಕ್ಕೊಂದು, ತೆಲುಗಿಗೊಂದು ಎಂದು ರೆಕಾರ್ಡು ಪೆಟ್ಟಿಗೆ ಇಟ್ಟವರನ್ನು ನಾನು ಕಂಡಿಲ್ಲ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕಳಚಿಕೊಂಡು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ನಕಾಶೆ ಬದಲಾಯಿತು, ಪೆಟ್ಟಿಗೆ ಅಟ್ಟದ ಮೇಲೆ ಇದ್ದಲ್ಲೇ ಇತ್ತು. ನಮ್ಮ ಮನೆಯ ಪೆಟ್ಟಿಗೆಯಲ್ಲಂತೂ ತಟ್ಟೆಗಳನ್ನು ಜೋಡಿಸಿದ್ದು ಹಬ್ಬದ ಲೆಕ್ಕದಲ್ಲಿ. ಮುಂದೆ ಶ್ರಾವಣದ್ದು, ಆಮೇಲೆ ದಸರೆ, ದೀಪಾವಳಿಯವು, ತೀರ ಹಿಂದೆ ಘಂಟಸಾಲರ ಭಗವದ್ಗೀತೆ.

ಗೀತೆ ಹಿಂದಕ್ಕೆ ಹೋದದ್ದಕ್ಕೆ ಕಾರಣವಿದೆ. 1974ರ ಫೆಬ್ರವರಿಯಲ್ಲಿ ತೀರಿಕೊಂಡ ಘಂಟಸಾಲ ಕೊನೆಗಾಲದಲ್ಲಿ ಹಾಡಿಟ್ಟುಹೋದದ್ದು ಅದು. ಆ ಧ್ವನಿಯ ಗಾಂಭೀರ್ಯಕ್ಕೆ ಸಾಟಿಯಾದದ್ದು ನನ್ನ ಕಿವಿಗೆ ಬೇರೆ ಸಿಕ್ಕಿಲ್ಲ. ಆದರೆ ತೆಲುಗು ನಾಡಿನಲ್ಲಿ ಅದು ಸಾವಿನ ಮನೆಯ ಮೈಕಿನಲ್ಲಿ ಕೇಳಿಬರುವ ದನಿಯಾಗಿ ನಿಂತುಬಿಟ್ಟಿದೆ. ಒಂದು ದೀಪಾವಳಿಯ ಬೆಳಗ್ಗೆ, ಎಣ್ಣೆಸ್ನಾನ ಮುಗಿಸಿ ಬಂದ ನಮ್ಮ ಸೋದರಮಾವ ಒಳ್ಳೆಯ ದಿನ, ಒಳ್ಳೆಯ ಮಾತು ಕೇಳೋಣ ಎಂದು ಅದನ್ನೇ ಹಚ್ಚಿದರು. ಎರಡು ಶ್ಲೋಕ ಮುಗಿಯುವುದರೊಳಗೆ ಎದುರುಮನೆಯ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಬಾಗಿಲಿಗೆ ಬಂದಳು. “ಏನಾತಪ್ಪಾ, ಯಾರು ಹೋದ್ರು?” ಅವಳನ್ನು ಕೂಡಿಸಿ ಹೋಳಿಗೆ ಕೊಟ್ಟು ಸಮಾಧಾನ ಮಾಡಬೇಕಾಯಿತು. ಇಂದಿಗೂ ನಮ್ಮಲ್ಲಿ ಆ ತಟ್ಟೆಗೆ ಹೊಳಪು ಉಳಿದಿದೆ, ಉಳಿದಿರಲಿ.

ಎಲ್ಲಕ್ಕಿಂತ ಹೆಚ್ಚು ಮಾಸಿದ್ದು ‘ಮಂತ್ರಾಲಯ ಮಹಾತ್ಮೆ’ಯ ತಟ್ಟೆ. ಡಾ. ರಾಜ್‌ಕುಮಾರ್ ಗುರು ರಾಘವೇಂದ್ರ ರಾಯರಾಗಿ ಅಭಿನಯಿಸಿದ, 1966ರಲ್ಲಿ ಬಂದ ಚಿತ್ರ. ಈ ಸೀಮೆಯವರಿಗೆ ಅದು ಊರಿನ ಕಥೆ. ರಾಯರಿಗೆ ಇಂದಿನ ಮಂತ್ರಾಲಯವಾದ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟವನು ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಎಂದು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಅವನೇ ಕಟ್ಟಿಸಿದ ಜಾಮಿಯಾ ಮಸೀದಿ ಊರೊಳಗೇ ಇದೆ. ‘ಧೀರವೇಣುಗೋಪಾಲ’ ಅಂಕಿತದಲ್ಲಿ ರಾಯರು ರಚಿಸಿದ ಕನ್ನಡ ಕೀರ್ತನೆಯನ್ನು ಆ ಚಿತ್ರದಲ್ಲಿ ಹಾಡಿದವರು ಪಿ.ಬಿ. ಶ್ರೀನಿವಾಸ್. ಆ ಹಾಡು ಇರುವ ಕಡೆ ನಮ್ಮ ತಟ್ಟೆ ಬಿಳಿಚಿಕೊಂಡಿದೆ. ಗುರುವಾರಗಳದ್ದು ಒಂದು ಪಾಲಾದರೆ, ಶ್ರಾವಣ ಬಹುಳದ ಆರಾಧನೆಯ ಮೂರು ದಿನಗಳದ್ದು ಇನ್ನೊಂದು ಪಾಲು.

ಕೆಲವು ವರ್ಷ ಆರಾಧನೆ ಆಗಸ್ಟ್ 15ರ ಆಸುಪಾಸಿನಲ್ಲೇ ಬೀಳುತ್ತದೆ. ಅಂಥ ವರ್ಷವೂ ನಮ್ಮ ಮನೆಯಲ್ಲಿ ದೇಶಭಕ್ತಿ ಗೀತೆಯ ತಟ್ಟೆ ಲಕೋಟೆಯಿಂದ ಹೊರಗೆ ಬಂದದ್ದಿಲ್ಲ. ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಮಿರಿಮಿರಿ ಮಿನುಗುತ್ತದೆ. ಇದನ್ನು ಕಂಡು ಯಾರೂ ನಮ್ಮ ದೇಶಪ್ರೇಮ ಅಳೆಯುವುದು ಬೇಡ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವಗಳು ನಡೆಯುತ್ತಿದ್ದದ್ದು ಶಾಲೆಯ ಬಯಲಿನಲ್ಲಿ, ಬೇವಿನ ಮರಕ್ಕೆ ಕಟ್ಟಿದ ಹಾರ್ನಿನ ಕೆಳಗೆ. ಮುಂಜಾನೆಯಿಂದಲೇ ಊರಿಡೀ ಕೇಳುವಂತೆ ಮೈಕ್ ಸೆಟ್ಟಿನವನು ಹಾಕುತ್ತಿದ್ದದ್ದನ್ನು ಮನೆಯಲ್ಲಿ ಮತ್ತೆ ಹಾಕುವವರು ಯಾರು? ಆ ಎರಡು ದಿನಗಳ ಸವಕಳಿ ನೋಡಬೇಕೆಂದರೆ ಅವನ ಪೆಟ್ಟಿಗೆಯನ್ನೇ ತೆರೆಯಬೇಕು. ಇವತ್ತು ಧ್ವಜ, ನಾಳೆ ಮದುವೆ, ನಾಡಿದ್ದು ಜಾತ್ರೆ ಎಂದು ಎತ್ತಿನ ಬಂಡಿಯಲ್ಲಿ ಕುಲುಕಾಡಿದ ತಟ್ಟೆಗಳವು. ರೆಕಾರ್ಡು ಚೇಂಜರಿನ ಭಾರದ ತೋಳು ಅವನ್ನು ಉತ್ತು ಹಾಕಿರುತ್ತದೆ. ಸಂಗ್ರಾಹಕರು ಮುಟ್ಟುವುದಿಲ್ಲ, ನಾನು ಕಂಡಲ್ಲಿ ಕೊಳ್ಳುತ್ತೇನೆ.

ಇನ್ನು ಈ ಊರಿಗೇ ವಿಶೇಷವಾದ ಒಂದು ಕಾಟ, ಹತ್ತಿ. ದಸರೆ ಕಳೆಯುತ್ತಲೇ ಮಾರ್ಕೆಟ್ ಯಾರ್ಡಿಗೆ ಹತ್ತಿ ಬರತೊಡಗುತ್ತದೆ, ಜಿನ್ನಿಂಗ್ ಮಿಲ್ಲುಗಳು ಶುರುವಾಗುತ್ತವೆ, ಗಾಳಿಯಲ್ಲಿ ನವಿರಾದ ಎಳೆ ತೇಲುತ್ತದೆ. ಲಕೋಟೆಯಿಂದ ಎಳೆದಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ವಿನೈಲ್ ತಟ್ಟೆ ಆ ಎಳೆಯನ್ನೆಲ್ಲ ಮೈಗೆ ಅಂಟಿಸಿಕೊಂಡು, ಮುಳ್ಳಿನ ತುದಿಯಲ್ಲಿ ಬತ್ತಿ ಹೊಸೆಯುತ್ತದೆ. ಹಾಡು ಗೊಗ್ಗರಾಗುತ್ತದೆ. ತಮಾಷೆಯೆಂದರೆ, ಅದಕ್ಕೂ ಹಿಂದಿನ 78ರ ತಟ್ಟೆಗಳ ಒಳಗೇ ಹತ್ತಿ ಇತ್ತು. ಅರಗು, ಕಲ್ಲುಪುಡಿ, ಮಸಿಯ ಜೊತೆ ಬಿಗಿ ಬರಲೆಂದು ಹತ್ತಿಯ ಎಳೆಯನ್ನೂ ಬೆರೆಸುತ್ತಿದ್ದರು. ಒಣಬಟ್ಟೆಯಿಂದ ಉಜ್ಜಿದರೆ ವಿದ್ಯುತ್ತು ಇನ್ನೂ ಹೆಚ್ಚುತ್ತದೆ. ಬಟ್ಟಿ ಇಳಿಸಿದ ನೀರಿಗೆ ಒಂದು ಹನಿ ಸೋಪು ಹಾಕಿ, ಮೆತ್ತನೆಯ ಬಟ್ಟೆ ಅದ್ದಿ, ಗೆರೆಗಳ ಜಾಡಿನಲ್ಲೇ ಒರೆಸಿ, ಬರಿಯ ನೀರಿನಿಂದ ಮತ್ತೊಮ್ಮೆ ಒರೆಸಿ ನೆರಳಲ್ಲಿ ನಿಲ್ಲಿಸಿಡಿ. ನಮ್ಮ ಬಿಸಿಲಿನಲ್ಲಿ ಮಾತ್ರ ಬೇಡ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಹತ್ತಿ ಬರುವ ಹೊತ್ತಿಗೇ ನವೆಂಬರ್ 1 ಬರುತ್ತದೆ. ಈಗಿನ ಕರ್ನಾಟಕ, ಆಂಧ್ರಪ್ರದೇಶ ಎರಡೂ ರೂಪುಗೊಂಡದ್ದು 1956ರ ಆ ಒಂದೇ ದಿನ. ಅಂದು ಸಿರುಗುಪ್ಪದ ನೆಂಟರು ಫೋನಿನಲ್ಲಿ ರಾಜ್ಯೋತ್ಸವದ ಶುಭಾಶಯ ಹೇಳುತ್ತಾರೆ. ಗುಂಟೂರಿನಿಂದ ಬಂದ ನಮ್ಮ ಸೊಸೆ ತೆಲುಗು ಹಾಡು ಹಾಕಿ ಮಾವಯ್ಯಾ ಎನ್ನುತ್ತಾಳೆ. ನಾನು ಪಿ.ಬಿ. ಶ್ರೀನಿವಾಸರನ್ನು ಹಾಕುತ್ತೇನೆ. ಕಾಕಿನಾಡದಲ್ಲಿ ಹುಟ್ಟಿದವರು, 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬರುವವರೆಗೆ ಕನ್ನಡಿಗರ ಪಾಲಿಗೆ ರಾಜ್‌ಕುಮಾರರ ಹಾಡುವ ದನಿಯಾಗಿದ್ದವರು. ಸೊಸೆಗೆ ಅವರು ತನ್ನ ಕಡೆಯವರೆಂಬ ಹೆಮ್ಮೆ, ನೆಂಟರಿಗೆ ಅಣ್ಣಾವ್ರ ಹಾಡೆಂಬ ಖುಷಿ. ಮೊದಲ ಪಕ್ಕ ಮುಗಿದಾಗ ತಿರುವಿ ಹಾಕಲು ಏಳುವವರು ಯಾರೆಂಬ ಜಗಳವಷ್ಟೇ ಬಾಕಿ.